ಚಾಲಕನಿಲ್ಲದ ಚಾಲಾಕಿ
(ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಮಗಳ ಮನೆಗೆ ಬಂದ ಮಾವ, ಟೆಕ್ಕಿ ಅಳಿಯ. ಬೆಳಗಿನ ಕಾಫಿ.)

ಅಳಿಯ: ಮಾವ, ಇಲ್ಲೇ ಟೆಸ್ಲಾ ಕಾರ್ಖಾನೆ. ಹೊಸ ಕಾರು ತಾನೇ ಹೊರಟು, ಲಾರಿ ಹತ್ತೋ ಜಾಗಕ್ಕೆ ಹೋಗಿ ನಿಲ್ಲುತ್ತೆ!

ಮಾವ: ಎಷ್ಟು ದೂರ ಅಳಿಯಂದಿರೇ?

ಅಳಿಯ: ಸುಮಾರು 2 ಕಿಲೋಮೀಟರ್.

ಮಾವ: ಭೇಷ್! ನಮ್ಮ ಎಮ್ಮೆ ಕೆರೆಯಿಂದ ಕೊಟ್ಟಿಗೆಗೆ ಬರೋದೂ ಅಷ್ಟೇ ದೂರ.

ಅಳಿಯ: ಇದಕ್ಕೆ ಸುತ್ತಲೂ ಕ್ಯಾಮೆರಾ ಇದೆ ಮಾವ!

ಮಾವ: ಎಮ್ಮೆಗೆ ಎರಡೇ ಕಣ್ಣು, ಪಾಪ. ಅಲ್ಲಾ, 2017 ಮುಗಿಯೋದ್ರೊಳಗೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ ಸ್ಟೀರಿಂಗ್ ಮುಟ್ಟದೆ ಹೋಗ್ತೀವಿ ಅಂತ 2016ರಲ್ಲಿ ಹೇಳಿದ್ದು ಈ ಟೆಸ್ಲಾದವರೇ ಅಲ್ವಾ?

ಅಳಿಯ: ಅದು... ದಾರಿಯಲ್ಲಿದೆ.

ಮಾವ: ಓ, ಕಾಂಪೌಂಡ್ ಒಳಗಿನ ದಾರಿಯಲ್ಲಿ!

ಅಳಿಯ: ಜರ್ಮನಿಯ ಡಿಂಗೊಲ್ಫಿಂಗ್‌ನಲ್ಲಿ ಬಿಎಂಡಬ್ಲ್ಯು ಕೂಡ ಹೀಗೇ ಮಾಡುತ್ತೆ. ಅಲ್ಲಿ ದಾರಿ ಬದಿಯ ಲೈಡಾರ್ ಸೆನ್ಸರ್‌ಗಳು ದಾರಿ ತೋರಿಸ್ತವೆ.

ಮಾವ: ಕಾರಿಗಿಂತ ಕಂಬಕ್ಕೇ ಬುದ್ಧಿ ಜಾಸ್ತಿ ಅನ್ನಿ. ಅವರೂ ನ್ಯೂಯಾರ್ಕ್ ಗೀಯಾರ್ಕ್ ಅಂದಿದ್ರಾ?

ಅಳಿಯ: ಇಲ್ಲ, ಕಾರ್ಖಾನೆ ಒಳಗೆ ಅಂತಲೇ ಹೇಳಿದ್ರು.

ಮಾವ: ಛೆ, ವ್ಯವಹಾರ ಗೊತ್ತಿಲ್ಲದ ಜನ.

ಅಳಿಯ: ಏನೇ ಹೇಳಿ, ಚಾಲಕ ಇಲ್ಲ ಮಾವ!

ಮಾವ: ಚಾಲಾಕಿ ಇದೆಯಲ್ಲ, ಸಾಕು ಬಿಡಿ. 2 ಕಿಲೋಮೀಟರ್ ಆಯ್ತು. ನ್ಯೂಯಾರ್ಕಿಗೆ ಇನ್ನು ನಾಲ್ಕು ಸಾವಿರದ ಚಿಲ್ಲರೆ ಅಷ್ಟೇ.