ಸೇವ್ ಮಾಡಿಟ್ಟ ಸರ್ವಜ್ಞರಿಗೆ

ಅಲ್ಲ ಮಾರಾಯ್ರೆ, ನಿಮ್ಮ ಫೋನು ಒಮ್ಮೆ ಇತ್ಲಾಗಿ ಕೊಡಿ ನೋಡುವ. ಹೆದರಬೇಡಿ, ಮೆಸೇಜು ಓದುದಿಲ್ಲ. ಯೂಟ್ಯೂಬಿನ ‘ವಾಚ್ ಲೇಟರ್’ ಮಾತ್ರ ತೆರೆಯುದು. ಯಾಕೆ, ಮುಖ ಸಪ್ಪಗಾಯ್ತು?

ಟೆರೇಸಿನಲ್ಲಿ ಡ್ರ್ಯಾಗನ್ ಫ್ರೂಟು, ತಿಂಗಳೊಳಗೆ ಜಪಾನೀಸು, ಷೇರು ಮಾರ್ಕೆಟಿನ ಒಳಗುಟ್ಟು, ಕೊಳಲಿನ ಸರಳೆ ವರಸೆ, ಪೈಥಾನ್ (ಹಾವಿನದ್ದೋ ಕೋಡಿಂಗಿನದ್ದೋ, ನೀವು ತೆರೆದು ನೋಡಿದ್ದರೆ ತಾನೇ!). ಈ ಪಟ್ಟಿಗೆ 5000 ವಿಡಿಯೊ ಮಿತಿ ಉಂಟು. “ಅಷ್ಟೇಯಾ?” ಅಂದಿರಲ್ಲ, ಅಲ್ಲೇ ಸಿಕ್ಕಿಬಿದ್ದಿರಿ.

ಸೇವ್ ಒತ್ತಿದ ಕೂಡಲೇ ಅರ್ಧ ಕಲಿತೇಬಿಟ್ಟೆ ಅಂತ ಒಂದು ಸಮಾಧಾನ ಬರ್ತದೆ, ಹೌದಾ ಅಲ್ವಾ? ನಿಜವಾಗಿ ಕಲಿಯಲಿಕ್ಕೆ ಹೊರಟರೆ ಬೆರಳು ನೋಯ್ತದೆ, ಅಪಸ್ವರ ಬರ್ತದೆ, ಪಕ್ಕದ ಮನೆಯವರು ಧಡಾರನೆ ಕಿಟಕಿ ಹಾಕ್ತಾರೆ. ಸೇವ್ ಮಾಡಿದವರನ್ನು ಯಾರೂ ಬೈಯುದಿಲ್ಲ.

ನಿಮ್ಮ ವಾದ ನನಗೆ ಗೊತ್ತುಂಟು. “ಶಿವರಾಮ ಕಾರಂತರು ಎಲ್ಲದಕ್ಕೂ ಕೈ ಹಾಕಿರಲಿಲ್ವಾ?” ಹಾಕಿದ್ದರು ಸ್ವಾಮಿ. ಆದರೆ ಓದಿದ್ದನ್ನೆಲ್ಲ ಕಟ್ಟಿಡಲಿಲ್ಲ. ಮಕ್ಕಳಿಗೆ ‘ಬಾಲ ಪ್ರಪಂಚ’ದ ಮೂರು ಸಂಪುಟ ಬರೆದರು, ಮತ್ತೆ ‘ವಿಜ್ಞಾನ ಪ್ರಪಂಚ’ದ ನಾಲ್ಕು. ಯಕ್ಷಗಾನದ ಬೆನ್ನು ಹತ್ತಿದವರು ತಾವೇ ಗೆಜ್ಜೆ ಕಟ್ಟಿ ಕುಣಿದರು. ನೀವು ಯಾವುದನ್ನು ಕುಣಿದಿರಿ? (ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದು ಲೆಕ್ಕಕ್ಕಿಲ್ಲ.)

ಇನ್ನೊಂದು ತುದಿಗೆ ಕಥೆಯ ಪತ್ತೇದಾರ ಷರ್ಲಾಕ್ ಹೋಮ್ಸ್. 1887ರ ಆ ಮೊದಲ ಕಾದಂಬರಿಯಲ್ಲಿ, ಭೂಮಿ ಸೂರ್ಯನ ಸುತ್ತ ತಿರುಗುವುದೇ ಪುಣ್ಯಾತ್ಮನಿಗೆ ಗೊತ್ತಿಲ್ಲ. ಗೆಳೆಯ ವಾಟ್ಸನ್ ಹೇಳಿಕೊಟ್ಟರೆ, ಆಯ್ತು, ಇನ್ನು ಮರೆಯಲಿಕ್ಕೆ ನೋಡ್ತೇನೆ ಅಂದುಬಿಟ್ಟ! ಆದರೆ ಪ್ಯಾಂಟಿಗೆ ಹಾರಿದ ಕೆಸರು ನೋಡಿ ಲಂಡನ್ನಿನ ಯಾವ ಭಾಗದ್ದೆಂದು ಹೇಳ್ತಾನೆ. ಅವನ ಕಸುಬಿಗೆ ಬೇಕಾದದ್ದು ಕೆಸರು. (ನೀವು ಅಷ್ಟು ದೂರ ಹೋಗಬೇಡಿ, ಸೂರ್ಯ ಇರಲಿ.)

ಹಾಗಾದರೆ ನಿಮ್ಮ ಪಟ್ಟಿ ಸೋಸಲಿಕ್ಕೆ ಶುರು ಮಾಡುವನಾ? ಮನೆಯಲ್ಲಿ ಕೊಳಲು ಉಂಟಾ? ಉಂಟು. ಸರಳೆ ವರಸೆ ಇರಲಿ. ಜಪಾನಿಗೆ ಹೋಗಲಿಕ್ಕುಂಟಾ? ಇಲ್ಲ. ಜಪಾನಿನವರು ಯಾರಾದರೂ ನಿಮ್ಮಲ್ಲಿಗೆ ಬರ್ತಾರಾ? ಅದೂ ಇಲ್ಲ. ತೆಗೀರಿ. ಡ್ರ್ಯಾಗನ್ ಫ್ರೂಟಿಗೆ ಮೊದಲು ಟೆರೇಸು ಬೇಕು, ನಿಮ್ಮದು ಮೂರನೇ ಮಾಳಿಗೆಯ ಬಾಡಿಗೆ ಫ್ಲ್ಯಾಟು.

ಎಂತ, ಡಿಲೀಟ್ ಒತ್ತಲಿಕ್ಕೆ ಕೈಯೇ ಬರುದಿಲ್ವಾ? “ಮುಂದೆ ಮಗನಿಗಾದರೂ ಬೇಕಾದೀತು” ಅಂತೀರಾ? ಮಗನನ್ನು ಒಮ್ಮೆ ಕೇಳಿ ನೋಡಿ. ಅವನ ಪಟ್ಟಿ ನಿಮ್ಮದಕ್ಕಿಂತ ಉದ್ದ ಉಂಟು.