ಎಡಗೈಗೆ ಬೋನಸ್

ಗಜೇಂದ್ರಗಡದವರಿಗೆ ಕತ್ತಿಯ ಮಾತು ಹೊಸದಲ್ಲ. ಮರಾಠರೂ ಟಿಪ್ಪು ಸುಲ್ತಾನನೂ ಬಡಿದಾಡಿ ಸಾಕಾಗಿ 1787ರಲ್ಲಿ ಒಪ್ಪಂದ ಮಾಡಿಕೊಂಡದ್ದು ನಮ್ಮೂರ ಹೆಸರಿನಲ್ಲೇ. ಆದರೆ ಬೆಂಗಳೂರಿನಿಂದ ರಜೆಗೆ ಬಂದ ಅಳಿಯ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ದಾಳ ಹರಡಿ ಹೇಳಿದ ಕತ್ತಿಯ ಕಾನೂನು ಮಾತ್ರ ಯಾವ ಸರದಾರನಿಗೂ ಗೊತ್ತಿದ್ದಂತಿಲ್ಲ.

ಆಟದ 2014ರ ನಿಯಮಪುಸ್ತಕದ ಪ್ರಕಾರ ಎರಡೂ ಕೈಯಲ್ಲಿ ಆಯುಧ ಹಿಡಿದು ಕಾದಾಡುವುದಾದರೆ ಎರಡೂ ಹಗುರ ಇರಬೇಕು. ಒಂದು ಕೈ ಹೊಡೆದ ಮೇಲೆ ಇನ್ನೊಂದಕ್ಕೆ ಬೋನಸ್ ಏಟು. ಆ ಏಟಿನ ಪೆಟ್ಟಿಗೆ ಮಾತ್ರ ಮೈಬಲ ಕೂಡುವಂತಿಲ್ಲ, ದಾಳ ಬಿದ್ದಷ್ಟೇ. ಬಲ ಸೊನ್ನೆಗಿಂತ ಕೆಳಗಿದ್ದರೆ? ಅದನ್ನು ಮರೆಯದೆ ಕಳೆಯುತ್ತಾರಂತೆ! ಬರೆದವನು ಯಾವುದೋ ಸೊಸೈಟಿಯಲ್ಲಿ ಲೆಕ್ಕ ಬರೆದವನೇ ಇರಬೇಕು.

ಪಕ್ಕದ ಮನೆಯ ನೇಕಾರ ಕಾಕಾ ಎಲ್ಲ ಕೇಳಿಸಿಕೊಂಡು ಅಂದರು: “ನಾ ಒಂದ ಕೈಲೆ ಲಾಳಿ ಓಡಸ್ತೀನಿ, ಇನ್ನೊಂದ ಕೈಲೆ ಹಲಗಿ ಜಗ್ಗತೀನಿ, ಕಾಲಿಗೂ ಪುರಸೊತ್ತಿಲ್ಲ. ನನ್ನ ಬೋನಸ್ ಎಲ್ಲೈತೋ ತಮ್ಮಾ?”

ಅಳಿಯ ಪುಟ ತಿರುವಿದ. “ಎರಡು ಆಯುಧದ ಕಾದಾಟದ ಶೈಲಿ ಅಂತ ಬ್ಯಾರೇನ ಕಲೀಬೇಕ್ರಿ ಕಾಕಾ. ಆಗ ಎಡಗೈಗೂ ಬಲ ಕೂಡ್ತೈತಿ.”

“ಮಗ್ಗದ ಮ್ಯಾಲೆ ಹುಟ್ಟಿದಾಂವಗ ಮತ್ತ ಸಾಲಿ ಏನೋ?” ಎಂದ ಕಾಕಾ ದಾಳ ಕಸಿದುಕೊಂಡು ಎಡಗೈಯಿಂದಲೇ ಎಸೆದರು.