ಕುಂಬಳಕಾಯಿ ಅಪ್ಪ

ಅಮೆರಿಕದಲ್ಲಿ ಕನ್ನಡಿಗರು ಗುಂಪಾಗಿ ನೆಲೆಸಿರುವ ಯಾವ ಊರಿಗೆ ಹೋದರೂ, ಅದು ಫ್ರೀಮಾಂಟ್ ಇರಲಿ, ಪ್ಲೇನೊ ಇರಲಿ, ಎಡಿಸನ್ ಇರಲಿ, ಅಕ್ಟೋಬರ್ ತಿಂಗಳಲ್ಲಿ ಈ ಮನುಷ್ಯ ಸಿಕ್ಕೇ ಸಿಗುತ್ತಾನೆ. ವಯಸ್ಸು ನಲವತ್ತರ ಆಸುಪಾಸು. ಮೈಮೇಲೆ ಕಂಪನಿಯವರು ಪುಕ್ಕಟೆ ಕೊಟ್ಟ ಜಾಕೆಟ್ಟು. ಮಗಳಿಗೆ ಎಂಟು, ಮಗನಿಗೆ ನಾಲ್ಕು. ಹ್ಯಾಲೋವೀನ್ ಮಾತೆತ್ತಿದರೆ, "ಎಲ್ಲಾ ಮಕ್ಕಳಿಗೋಸ್ಕರ ಸಾರ್, ನನಗೇನೂ ಇದರಲ್ಲಿ ಇಂಟರೆಸ್ಟ್ ಇಲ್ಲ" ಅನ್ನುತ್ತಾನೆ. ಹಾಗನ್ನುವಾಗ ಅವನ ಕಂಕುಳಲ್ಲಿ ಕಣ್ಣು ಮಿಟುಕಿಸುವ ಬ್ಯಾಟರಿ ತಲೆಬುರುಡೆಯೊಂದು ಇರುತ್ತದೆ.

ಇವನು ಮೊದಲು ಹೀಗಿರಲಿಲ್ಲ. ಬಂದ ಹೊಸದರಲ್ಲಿ ಅಕ್ಟೋಬರ್ 31ರ ಸಂಜೆ ದೀಪವೆಲ್ಲ ಆರಿಸಿ, ಪರದೆ ಎಳೆದು, ಟೀವಿಯ ಸದ್ದಡಗಿಸಿ ಕೂತವನು. ಅಲ್ಲಿನ ಪದ್ಧತಿ ಸರಳ. ಮನೆ ಮುಂದಿನ ದೀಪ ಉರಿಯುತ್ತಿದ್ದರೆ ಮಕ್ಕಳು ಬಂದು ಬೆಲ್ ಒತ್ತುತ್ತಾರೆ, ಆರಿದ್ದರೆ ಸುಮ್ಮನೆ ಮುಂದಕ್ಕೆ ಹೋಗುತ್ತಾರೆ. ಯಾರೂ ಬೈಯುವುದಿಲ್ಲ. ಯಾರೂ ಬೈಯದ ಊರಲ್ಲಿ ನಮ್ಮವನಿಗೆ ನಿದ್ದೆ ಹತ್ತುವುದಿಲ್ಲ. 'ಆ ಇಂಡಿಯಾದವರ ಮನೇಲಿ ಒಂದು ಪೆಪ್ಪರಮೆಂಟೂ ಹುಟ್ಟಲ್ಲ' ಅಂತ ಎದುರು ಮನೆಯವರು ಅಂದುಕೊಂಡುಬಿಟ್ಟರೆ? ದೆವ್ವಕ್ಕೆ ಅವನು ಹೆದರಿದವನೇ ಅಲ್ಲ. 'ನಾಲ್ಕು ಜನ ಏನಂತಾರೆ' ಎಂಬ ಪೀಡೆ ಮಾತ್ರ ಯಾವ ವೀಸಾನೂ ಇಲ್ಲದೆ ಅವನ ಜೊತೆಗೇ ವಿಮಾನ ಹತ್ತಿ ಬಂದಿದೆ.

ಈಗ ನೋಡಬೇಕು ಅವನನ್ನು. ಸೆಪ್ಟೆಂಬರ್ ಮುಗಿಯುವ ಮೊದಲೇ ಕಾಸ್ಟ್‌ಕೊದಿಂದ ಚಾಕೊಲೇಟಿನ ಮೂಟೆ ಬರುತ್ತದೆ. ಹೆಂಡತಿ ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಾಳೆ, ಮಕ್ಕಳಿಗೆ ಹೆದರಿ ಅಲ್ಲ. ಆಮೇಲೆ ಎಕ್ಸೆಲ್ ಶೀಟು: ಯಾವ ಬೀದಿಯಲ್ಲಿ ಎಷ್ಟು ಮನೆ, ಯಾರು ಪೂರ್ತಿ ಸೈಜಿನ ಚಾಕೊಲೇಟ್ ಕೊಡುವ ಧಾರಾಳಿಗಳು, ಯಾರು ಬೆರಳುದ್ದದ್ದು ಕೊಟ್ಟು ಸಾಗಹಾಕುತ್ತಾರೆ, ಹಲ್ಲುಜ್ಜುವ ಬ್ರಷ್ ಹಂಚುವ ಡೆಂಟಿಸ್ಟ್ ಮನೆ ಯಾವುದು (ಅದಕ್ಕೆ ಕೆಂಪು ಬಣ್ಣ). ಮಾತಿಗೆ ಸಿಕ್ಕವರಿಗೆ ಪಾಠವೂ ಉಂಟು. "ಇದು ಅಮೆರಿಕದವರ ಹಬ್ಬವೇ ಅಲ್ಲ ಸಾರ್. ಐರ್ಲೆಂಡು, ಸ್ಕಾಟ್ಲೆಂಡಿನೋರು ಹತ್ತೊಂಬತ್ತನೇ ಶತಮಾನದಲ್ಲಿ ಗಂಟುಮೂಟೆ ಜೊತೆ ತಂದಿದ್ದು. ಊರಲ್ಲಿ ಟರ್ನಿಪ್ ಗಡ್ಡೆ ಕೊರೀತಿದ್ರು, ಇಲ್ಲಿ ಕುಂಬಳಕಾಯಿ ಸಿಕ್ತು. ವಲಸೆ ಬಂದೋರ ಹಬ್ಬ ಅಂದ್ಮೇಲೆ ನಮ್ಮದೂ ತಾನೆ?" ಗಡಿಯಾರ ಹಿಂದಕ್ಕೆ ತಿರುಗಿಸುವ ದಿನವನ್ನು 2007ರಿಂದ ನವೆಂಬರಿನ ಮೊದಲ ಭಾನುವಾರಕ್ಕೆ ತಳ್ಳಿದ್ದು, ಹಾಗಾಗಿ 31ರ ಸಂಜೆ ಒಂದು ಗಂಟೆ ಬೆಳಕು ಹೆಚ್ಚಿಗೆ ಸಿಗುವುದು, ಅದಕ್ಕಾಗಿ ಮಿಠಾಯಿ ಕಂಪನಿಯವರು ವಾಷಿಂಗ್ಟನ್ನಿನಲ್ಲಿ ಚಪ್ಪಲಿ ಸವೆಸಿದ್ದು, ಇವೆಲ್ಲ ಅವನ ನಾಲಿಗೆ ತುದಿಯಲ್ಲಿವೆ. ಇಂಟರೆಸ್ಟ್ ಇಲ್ಲದವನಿಗೆ ಇಷ್ಟು ಗೊತ್ತಿರುವುದು ವಿಶೇಷ.

ಅವನ ಒಂದೇ ಒಂದು ಆಸೆ ಈಡೇರಿಲ್ಲ. ಹೋಮ್ ಡಿಪೋದವರು 2020ರಲ್ಲಿ ಹನ್ನೆರಡು ಅಡಿ ಎತ್ತರದ ಅಸ್ಥಿಪಂಜರ ಮಾರಾಟಕ್ಕಿಟ್ಟರು, 299 ಡಾಲರಿಗೆ. ಪ್ರತಿ ವರ್ಷ ಅದರ ಮೊಣಕಾಲಿನ ಮಟ್ಟಕ್ಕೆ ನಿಂತು, ಕತ್ತೆತ್ತಿ ನೋಡಿ, ರೂಪಾಯಿಗೆ ಗುಣಿಸಿ, "ಇಪ್ಪತ್ತೈದು ಸಾವಿರ!" ಎಂದು ನಿಟ್ಟುಸಿರುಬಿಡುತ್ತಾನೆ. ಹೆಂಡತಿಯ ತಕರಾರು ಬೇರೆ. "ರೀ, ನವೆಂಬರ್‌ನಿಂದ ಅದನ್ನ ಎಲ್ಲಿ ಮಲಗಿಸ್ತೀರಿ? ನಿಮ್ಮಮ್ಮ ಬಂದಾಗ ಗೆಸ್ಟ್ ರೂಮಲ್ಲಾ?"

ಅಮ್ಮ ಬಂದೇ ಬಂದರು, 2024ರಲ್ಲಿ, ಮೈಸೂರಿನಿಂದ, ಆರು ತಿಂಗಳಿಗೆಂದು. ಇನ್ನು ಹೇಳುವುದು ನಮ್ಮ ಪಕ್ಕದ ಮನೆಯ ಕುಂಬಳಕಾಯಿ ಅಪ್ಪನ ಕಥೆ. ಆ ವರ್ಷ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ನಸುಕಿನಲ್ಲೇ ಮೊಮ್ಮಕ್ಕಳನ್ನು ಎಬ್ಬಿಸಿ, ಮಣೆ ಮೇಲೆ ಕೂರಿಸಿ ಎಣ್ಣೆ ಒತ್ತಿ, ಸ್ನಾನ ಮಾಡಿಸಿ, ಅಜ್ಜಿ ಹೊಸ್ತಿಲಿಗೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ಎದುರಿಗೆ ಥರ್ಮಾಕೋಲಿನ ಮೂರು ಗೋರಿ. "ಪಿತೃಪಕ್ಷ ಮುಗಿದು ತಿಂಗಳಾಯ್ತಲ್ಲೋ!" ಎಂದರು. ಗೋರಿಗಳನ್ನು ಅತ್ತ ಸರಿಸಿ ರಂಗೋಲಿ ಬಿಟ್ಟು ಸಾಲಾಗಿ ಹಣತೆ ಇಟ್ಟರು. ನಾಯಿ ಓಡಾಡಿಸಲು ಬಂದ ಎದುರು ಮನೆಯಾಕೆ ರಂಗೋಲಿ, ಹಣತೆ, ಗೋರಿ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಹಾಕಿ ಮೆಚ್ಚಿ, ಫೋಟೊ ತೆಗೆದುಕೊಂಡು ಹೋದಳು.

ಮಗ ಅಮ್ಮನಿಗೆ ಹ್ಯಾಲೋವೀನಿನ ಅರ್ಥ ವಿವರಿಸಿದ. ಅಮ್ಮ ಕೇಳಿದರು, ತಲೆಯಾಡಿಸಿದರು. "ನೀನು ಸ್ಕೂಲಿಗೆ ಹೋಗ್ತಿದ್ದಾಗ ದೆವ್ವ ಬರುತ್ತೆ ಅಂತ ಊರಿಗೆ ಊರೇ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರ್ಕೊಂಡಿತ್ತು. ನೀನು ನೋಡಿದ್ರೆ ಲೈಟ್ ಹಾಕಿ, ಕರೆದು, ಚಾಕ್ಲೇಟ್ ಬೇರೆ ಕೊಡ್ತೀನಿ ಅಂತೀಯ." ಹಾಗಂತ ಬಂದ ಮಕ್ಕಳನ್ನು ಬರಿಗೈಲಿ ಕಳಿಸುವ ಜೀವವಲ್ಲ ಅದು. ಮಧ್ಯಾಹ್ನಕ್ಕೆ ಒಂದು ತಟ್ಟೆ ಕೊಬ್ಬರಿ ಮಿಠಾಯಿ ಸಿದ್ಧ. ಮನೆಯಲ್ಲಿ ಮಾಡಿದ್ದನ್ನು, ಕಂಪನಿಯ ಕಾಗದ ಸುತ್ತದ್ದನ್ನು ಇಲ್ಲಿಯ ತಂದೆತಾಯಿ ನೇರ ಕಸದ ಬುಟ್ಟಿಗೆ ಹಾಕುತ್ತಾರೆ ಎಂದು ಹೇಳುವಷ್ಟರಲ್ಲಿ ಮಗನ ಹಣೆಯಲ್ಲಿ ಬೆವರು. "ಕೆಲವು ಮಕ್ಕಳಿಗೆ ನಟ್ಸ್ ಅಲರ್ಜಿ ಅಮ್ಮ. ಅದಕ್ಕೇ ಕೆಲವರು ನೀಲಿ-ಹಸಿರು ಕುಂಬಳಕಾಯಿ ಇಟ್ಟು, ತಿನ್ನೋದರ ಬದಲು ಆಟದ ಸಾಮಾನು ಕೊಡ್ತಾರೆ." ಅಮ್ಮ ತಟ್ಟೆ ಒಳಗೆ ತಗೊಂಡರು. "ಸರಿ, ಹಾಗಾದ್ರೆ ನೀನೇ ತಿನ್ನು."

ಕುಂಬಳಕಾಯಿ ಕೊರೆಯುವ ಕೆಲಸ ಎರಡು ದಿನ ಮೊದಲಷ್ಟೇ ಆಗಿತ್ತು. ಕ್ಯಾಲಿಫೋರ್ನಿಯಾದ ಬಿಸಿಲಿಗೆ ಕೊರೆದ ಕಾಯಿ ಬೇಗ ಕೊಳೆಯುತ್ತದೆ, ಉಳಿದರೆ ಅಳಿಲಿನ ಪಾಲು. ಅದೂ ಶೀಟಿನಲ್ಲಿತ್ತು. ತೊಟ್ಟಿನ ಸುತ್ತ ಮುಚ್ಚಳದಂತೆ ಕೊಯ್ದು, ಮೊಣಕೈವರೆಗೆ ಕೈ ಇಳಿಸಿ ನಾರು-ಬೀಜ ಬಾಚಿ ತೆಗೆಯುವುದು ಮಕ್ಕಳ ಕೆಲಸ ಎಂದು ಬರೆದಿತ್ತು. ಮಗಳು ಒಂದು ಹಿಡಿ ತೆಗೆದು "ಯಕ್" ಎಂದು ಎದ್ದಳು, ಮಗ ಮುಟ್ಟಲೇ ಇಲ್ಲ. ಅಪ್ಪ ರಾತ್ರಿ ಹನ್ನೊಂದರವರೆಗೆ ನೆಲದಲ್ಲಿ ಕೂತು ಎರಡು ಕಣ್ಣು, ಒಂದು ಮೂಗು, ಐದು ಹಲ್ಲು ಕೊರೆದ. ಕೆರೆದು ತೆಗೆದ ತಿರುಳನ್ನು ಅಜ್ಜಿ ಬಿಡದೆ ಹುಳಿಗೆ ಹಾಕಿದರು. ಕೊರೆಯಲೆಂದೇ ಬೆಳೆಯುವ ಆ ಜಾತಿಯ ಕಾಯಿ ನೋಡಲು ದೊಡ್ಡದು, ರುಚಿಗೆ ಬರೀ ನೀರು. "ಮುಖ ಬರೆಯೋಕೇ ಲಾಯಕ್ಕು" ಎಂದು ತೀರ್ಪಾಯಿತು.

ಅದೇ ರಾತ್ರಿ ಇನ್ನೊಂದು ಸಿಡಿಲು. ತಿಂಗಳ ಹಿಂದೆಯೇ ತಂದ ಸ್ಪೈಡರ್‌ಮ್ಯಾನ್ ಬಟ್ಟೆಯನ್ನು ಮಗ ತಿರಸ್ಕರಿಸಿದ. ಅವನಿಗೆ ಕಸದ ಲಾರಿ ಆಗಬೇಕು. ವಾರಕ್ಕೊಮ್ಮೆ ಬಂದು, ಕಬ್ಬಿಣದ ತೋಳು ಚಾಚಿ, ಮನೆ ಮುಂದಿನ ಡಬ್ಬವನ್ನು ಎತ್ತಿ ತಲೆಕೆಳಗು ಮಾಡುವ ಲಾರಿಯೇ ಅವನ ದೇವರು. ಅಪ್ಪ ಬೈಯಲಿಲ್ಲ, ಕಣ್ಣು ಮಿಂಚಿತು. ಅಮೆಜಾನ್ ಡಬ್ಬ, ಚಕ್ರಕ್ಕೆ ಪೇಪರ್ ತಟ್ಟೆ, ಹೆಡ್‌ಲೈಟಿಗೆ ಎರಡು ಬ್ಯಾಟರಿ ಬಲ್ಬು, ಮೇಲೆ ಹಸಿರು ಬಣ್ಣ, ಹಿಂಭಾಗದಲ್ಲಿ ಚಾಕೊಲೇಟ್ ಸುರಿಯಲು ಬಾಯಿ. ಆಫೀಸಿನ ಯಾವ ರಿಲೀಸಿಗೂ ಅವನು ಇಷ್ಟು ನಿದ್ದೆಗೆಟ್ಟಿಲ್ಲ ಎಂದು ಹೆಂಡತಿಯ ಸಾಕ್ಷ್ಯ. ತೋಳಿನ ತೂತು ಮಾತ್ರ ತೀರಾ ಮೇಲಾಯಿತು. ಲಾರಿಯ ಕೈ ಪಕ್ಕಕ್ಕೆ ಚಾಚಿಕೊಂಡೇ ಉಳಿಯಿತು, ಮೂಗು ತುರಿಸಿದರೆ ಅಕ್ಕನೇ ಕೆರೆಯಬೇಕು. ಮಾಟಗಾತಿ ವೇಷದ ಅಕ್ಕ ಒಂದು ಸಲಕ್ಕೆ ಒಂದು ಕಿಟ್‌ಕ್ಯಾಟ್ ಎಂದು ದರ ನಿಗದಿ ಮಾಡಿದಳು.

31ರ ಸಂಜೆ ಹೆಂಡತಿ ಬಾಗಿಲು ಕಾದಳು, ಉಳಿದವರು ಮೆರವಣಿಗೆ ಹೊರಟರು. ಲಾರಿ ಕಂಡ ಕಡೆಯೆಲ್ಲ ಭಾರೀ ಮೆಚ್ಚುಗೆ, ಒಂದರ ಬದಲು ಮೂರು ಚಾಕೊಲೇಟ್. ಆ ಭಾರಕ್ಕೆ ಟೇಪು ಬಿಟ್ಟು ತಳ ಕಳಚಿತು, ಹಿಂದೆ ಬರುತ್ತಿದ್ದ ಅಜ್ಜಿ ಬಿದ್ದದ್ದನ್ನೆಲ್ಲ ಸೆರಗಿಗೆ ತುಂಬಿಕೊಂಡರು.

ರಾತ್ರಿ ಹಾಲಿನ ನಡುವೆ ರಾಶಿ ಸುರಿದು 'ಸುರಕ್ಷತಾ ತಪಾಸಣೆ'. ಸಸ್ಯಾಹಾರಿಗಳಿಗೆ ಆಗದ ಜೆಲಟಿನ್ ಇರುವ ಸ್ಟಾರ್‌ಬರ್ಸ್ಟ್, ಕ್ಯಾಂಡಿ ಕಾರ್ನ್ ಆಫೀಸಿನ ಮೇಜಿಗೆ, ಸ್ಕಿಟಲ್ಸ್ ಪಾಸು. ಇದಲ್ಲದೆ, ಅಪರಿಚಿತರು ಮಿಠಾಯಿಯಲ್ಲಿ ವಿಷ, ಬ್ಲೇಡು ಇಟ್ಟಿರಬಹುದೆಂದು ಪ್ರತಿಯೊಂದನ್ನೂ ಅಪ್ಪ ಸ್ವತಃ ನೋಡಬೇಕಂತೆ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು ದಶಕಗಳ ಪತ್ರಿಕಾ ವರದಿ ಜಾಲಾಡಿ, ಹೀಗೆ ಅಪರಿಚಿತರು ಕೊಟ್ಟ ಮಿಠಾಯಿಯಿಂದ ಮಗು ಸತ್ತ ಒಂದು ಪ್ರಕರಣವೂ ಸಿಗಲಿಲ್ಲ ಎಂದಿದ್ದಾರೆ. ಇಷ್ಟೆಲ್ಲ ಓದಿಕೊಂಡಿರುವ ಇವನಿಗೆ ಅದೊಂದು ಗೊತ್ತಿಲ್ಲ. ಬೆಳಗ್ಗೆ ಮಗಳು, "ನನ್ನ ರೀಸಸ್ ಚಾಕ್ಲೇಟ್ ಎಲ್ಲ ಯಾರು ತಿಂದಿದ್ದು?" ಎಂದು ಕೇಳಿದಳಷ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಮೀಸೆ ಒರೆಸಿಕೊಂಡ.

ಅಂದು ನವೆಂಬರ್ ಒಂದು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಮಕ್ಕಳ ವೇಷಭೂಷಣ ಸ್ಪರ್ಧೆ ಇತ್ತು. ಮಗಳು ಓಬವ್ವ, ಅದರಲ್ಲಿ ಚರ್ಚೆಯಿಲ್ಲ. ಮಾಟಗಾತಿಯ ಪೊರಕೆ ಕೋಲೇ ಒನಕೆ. ಅಪ್ಪ ಡಬ್ಬವನ್ನು ತಿರುಗಿಸಿ ನೋಡುತ್ತ, ಹಸಿರಿನ ಮೇಲೆ ಹಳದಿ-ಕೆಂಪು ಬಳಿದರೆ ಭುವನೇಶ್ವರಿಯ ರಥ ಆದೀತೆಂದು ಲೆಕ್ಕ ಹಾಕುತ್ತಿದ್ದ. ಮಗ ಡಬ್ಬ ತಬ್ಬಿ ಹಿಡಿದು ಚೀರಿದ. ಲಾರಿ ಲಾರಿಯೇ ಆಗಿರಬೇಕು.

"ಕಸದ ಲಾರಿಗೂ ರಾಜ್ಯೋತ್ಸವಕ್ಕೂ ಏನಮ್ಮಾ ಸಂಬಂಧ? ನಾಲ್ಕು ಜನ ಏನಂತಾರೆ?"

"ಮೈಸೂರು ಮಹಾನಗರ ಪಾಲಿಕೆ ಅಂತ ದೊಡ್ಡದಾಗಿ ಬರಿ" ಎಂದರು ಅಜ್ಜಿ. "2015, 2016, ಎರಡು ವರ್ಷ ಇಡೀ ದೇಶಕ್ಕೇ ಸ್ವಚ್ಛ ನಗರ ಅಂತ ನಂಬರ್ ಒನ್ ಬಂದಿದ್ದು ನಮ್ಮೂರು. ಯಾವನು ಏನಂತಾನೆ ನಾನೂ ನೋಡ್ತೀನಿ. ಈ ಸಲ ಆ ತೂತು ಮಾತ್ರ ಸ್ವಲ್ಪ ಕೆಳಗೆ ಕೊಯ್ಯಿ, ಮಗು ಬಹುಮಾನ ತಗೊಳ್ಳೋಕೆ ಕೈ ಮುಂದೆ ಬರಬೇಕು."